50 ಸಾವಿರದೊಳಗೆ ಹಕ್ಕಿ ಫೋಟೋಗೆ ಟೆಲಿ ಲೆನ್ಸ್: ಕ್ಯಾನನ್ 200ಡಿಗೆ ಯಾವುದು ಸರಿ? (ದಾವಣಗೆರೆ)

ಕುಂದವಾಡ_ಏರಿ:

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ಕ್ಯಾನನ್ 200ಡಿ. ಲೆನ್ಸ್ ಈಗಿರುವುದು 18-55 ಮತ್ತು 55-250 ಎಸ್‌ಟಿಎಂ. ಹೋಗುವುದು ಹೆಚ್ಚಾಗಿ ಕುಂದವಾಡ ಕೆರೆ, ಕೊಂಡಜ್ಜಿ ಕೆರೆ, ಬಿಡುವಾದರೆ ಸೂಳೆಕೆರೆ. ವರ್ಷಕ್ಕೆ ಮೂರ್ನಾಲ್ಕು ಸಲ ಚಿತ್ರದುರ್ಗದ ಜೋಗಿಮಟ್ಟಿ ಕಡೆ. ಓಡಾಟವೆಲ್ಲ ಬೈಕಿನಲ್ಲೇ.

ತೊಂದರೆ ಏನೆಂದರೆ, ಕೆರೆ ನಡುವಿನ ನಾಮದಕೋಳಿ, ಗುಳುಮುಳುಕ ಎಲ್ಲ ಚುಕ್ಕಿ ಇಟ್ಟಂತೆ ಬರುತ್ತವೆ. ಕ್ರಾಪ್ ಮಾಡಿದರೆ ಗರಿ ಕಾಣುವುದಿಲ್ಲ, ಬರೀ ಬಣ್ಣ. ಬಜೆಟ್ 50 ಸಾವಿರ, ಅದರ ಮೇಲೆ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಆದರೂ ಸರಿ. ನನ್ನ ಪಟ್ಟಿಯಲ್ಲಿರುವುದು: ಬಳಸಿದ ಸಿಗ್ಮಾ 150-600 ಕಂಟೆಂಪೊರರಿ, ಟ್ಯಾಮ್ರಾನ್ 100-400, ಕ್ಯಾನನ್ 400 ಎಫ್/5.6. ಇವೆಲ್ಲ ಬೇಡ, ಇರುವ 55-250ಕ್ಕೇ 2ಎಕ್ಸ್ ಡಬ್ಲರ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂತು ಎಂಎಂ ಎರಡರಷ್ಟು ಮಾಡುವ ಗಾಜು) ಹಾಕು ಅನ್ನುವವರೂ ಇದ್ದಾರೆ. ಆನ್‌ಲೈನಿನಲ್ಲಿ 420-800 ಅಂತ ಬಹಳ ಅಗ್ಗದ್ದೊಂದು ಕಾಣುತ್ತದೆ, ಅದು ಹೇಗೆ? ತಿಳಿದವರು ಬಿಡಿಸಿ ಹೇಳಿ.

ಗುಡ್ಡದ_ಗೌಜಲು:

ಮೊದಲು ಲೆಕ್ಕ, ಆಮೇಲೆ ಲೆನ್ಸಿನ ಹೆಸರು. ಸೆನ್ಸರ್ ಮೇಲೆ ಹಕ್ಕಿ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂದು ತಿಳಿಯಲು ಫೋಕಲ್ ಲೆಂತನ್ನು (ಲೆನ್ಸಿನ ಮೇಲೆ ಬರೆದ ಎಂಎಂ ಸಂಖ್ಯೆ) ಹಕ್ಕಿಯ ಉದ್ದದಿಂದ ಗುಣಿಸಿ ದೂರದಿಂದ ಭಾಗಿಸಿದರೆ ಸಾಕು. ಬಿಳಿ ಎದೆಯ ಮಿಂಚುಳ್ಳಿ ಸುಮಾರು 28 ಸೆಂ.ಮೀ. ಅದು 20 ಮೀಟರ್ ಆಚೆ ಜಾಲಿ ಕೊಂಬೆ ಮೇಲೆ ಕೂತಿದೆ ಅನ್ನಿ. 250 ಎಂಎಂನಲ್ಲಿ ಸೆನ್ಸರ್ ಮೇಲೆ ಬೀಳುವುದು 3.5 ಎಂಎಂ. 200ಡಿ ಸೆನ್ಸರ್ ಅಗಲ 22.3 ಎಂಎಂ, ಅಷ್ಟಗಲಕ್ಕೆ 6000 ಪಿಕ್ಸೆಲ್. ಅಂದರೆ ಮಿಂಚುಳ್ಳಿಗೆ ಕೊಕ್ಕಿನಿಂದ ಬಾಲದ ತನಕ ಸಿಗುವುದು 940 ಪಿಕ್ಸೆಲ್. ಅದೇ 400ರಲ್ಲಿ ಸುಮಾರು 1500, 600ರಲ್ಲಿ 2260.

ಈಗ ಅದೇ ಹಕ್ಕಿಯನ್ನು 60 ಮೀಟರ್ ದೂರಕ್ಕೆ, ಕೆರೆಯ ಒಳಕ್ಕೆ ಸರಿಸಿ. 600 ಎಂಎಂ ಹಾಕಿದರೂ 750 ಪಿಕ್ಸೆಲ್ ಅಷ್ಟೇ. ನಿಮ್ಮ 250 ಲೆನ್ಸು 20 ಮೀಟರಿನಲ್ಲಿ ಕೊಡುವುದಕ್ಕಿಂತ ಕಡಿಮೆ! ಆದ್ದರಿಂದ "ಕೆರೆ ನಡುವಿನ ಹಕ್ಕಿಗೆ" ಅಂತ ಲೆನ್ಸ್ ಕೊಳ್ಳಬೇಡಿ, ಆ ಆಸೆಯನ್ನು ಯಾವ ಬಜೆಟ್ಟೂ ತೀರಿಸುವುದಿಲ್ಲ. ದಡದಿಂದ 15-30 ಮೀಟರ್ ಒಳಗಿನ ಹಕ್ಕಿಗೆ ಅಂತ ಕೊಳ್ಳಿ. ಅಲ್ಲಿ 400ಕ್ಕೂ 600ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಬೇಡದ್ದನ್ನು ಮೊದಲು ತೆಗೆದುಹಾಕೋಣ. ಕ್ಯಾನನ್‌ನ ಸ್ವಂತ ಡಬ್ಲರ್, ಅಂದರೆ ಎಕ್ಸ್‌ಟೆಂಡರ್, 55-250ಕ್ಕೆ ಕೂರುವುದೇ ಇಲ್ಲ. ಅದರ ಮುಂದಿನ ಗಾಜು ಹೊರಚಾಚಿರುತ್ತದೆ, ಈ ಲೆನ್ಸಿನ ಹಿಂಬದಿಯಲ್ಲಿ ಅದಕ್ಕೆ ಜಾಗವಿಲ್ಲ. ಬೇರೆ ಕಂಪನಿಯ 2ಎಕ್ಸ್ ಹಾಕಿದರೆ 250ರ ತುದಿಯಲ್ಲಿ ಎಫ್/5.6 ಹೋಗಿ ಎಫ್/11 ಆಗುತ್ತದೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಒಳಬರುವ ಬೆಳಕು ಕಡಿಮೆ). ಎರಡು ಸ್ಟಾಪ್ ಬೆಳಕು ಹೋಯಿತು, ಅಂದರೆ ಕಾಲು ಭಾಗ ಬೆಳಕಷ್ಟೇ ಉಳಿಯಿತು, ವ್ಯೂಫೈಂಡರಿನ ಆಟೋಫೋಕಸ್ಸನ್ನೂ ನಂಬುವಂತಿಲ್ಲ, ಲೆನ್ಸಿನ ಮಸುಕೂ ಎರಡರಷ್ಟು ಹಿಗ್ಗಿತು. 420-800 ಅನ್ನುವುದು ಉದ್ದನೆಯ ಕೊಳವೆ: ಕೈ ಫೋಕಸ್, ಸ್ಟೆಬಿಲೈಸರ್ (ಕೈ ನಡುಕ ತಡೆಯುವ ವ್ಯವಸ್ಥೆ) ಇಲ್ಲ, 800ರಲ್ಲಿ ಎಫ್/16. ಬೆಳಗಿನ 7 ಗಂಟೆ ಬೆಳಕಿನಲ್ಲಿ ಅದರಿಂದ ಏನೂ ಆಗದು. 500 ಎಂಎಂ ಎಫ್/8 ಮಿರರ್ ಲೆನ್ಸ್ ಯಾರಾದರೂ ತೋರಿಸಿದರೆ ಅದೂ ಬೇಡ. ಕೈ ಫೋಕಸ್ಸೇ, ಹಿನ್ನೆಲೆಯ ಹೊಳಪೆಲ್ಲ ಉದ್ದಿನವಡೆಯಂತೆ ಉಂಗುರ ಉಂಗುರವಾಗಿ ಬರುತ್ತದೆ.

ಇನ್ನೊಂದು ಎಚ್ಚರ. ಜಾಲಾಡುವಾಗ ಕ್ಯಾನನ್ ಆರ್‌ಎಫ್ 100-400 ಕಣ್ಣಿಗೆ ಬೀಳುತ್ತದೆ. 635 ಗ್ರಾಂ, ಬಹಳ ಒಳ್ಳೆಯ ಲೆನ್ಸು. ಆದರೆ ಆರ್‌ಎಫ್ ಮೌಂಟ್ 200ಡಿಗೆ ಕೂರುವುದಿಲ್ಲ, ಅದನ್ನು ಕೂರಿಸುವ ಅಡಾಪ್ಟರೂ ಇಲ್ಲ. ಇಎಫ್ ಲೆನ್ಸನ್ನು ಆರ್ ಕ್ಯಾಮೆರಾಕ್ಕೆ ಹಾಕಬಹುದು, ತಿರುಗಿಸಿ ಅಲ್ಲ. ನಿಮಗೆ ಬೇಕಾದದ್ದು ಕ್ಯಾನನ್ ಇಎಫ್ ಮೌಂಟಿನದು.

ಉಳಿದದ್ದು ಎರಡು ದಾರಿ. ಟ್ಯಾಮ್ರಾನ್ 100-400 ಸುಮಾರು 1.1 ಕೆ.ಜಿ., 1.5 ಮೀಟರ್ ತನಕ ಹತ್ತಿರ ಫೋಕಸ್ ಆಗುತ್ತದೆ, ಫಿಲ್ಟರ್ 67 ಎಂಎಂ. ಸಿಗ್ಮಾ 150-600 ಕಂಟೆಂಪೊರರಿ 1930 ಗ್ರಾಂ, ಹತ್ತಿರದ ಫೋಕಸ್ 2.8 ಮೀಟರ್, ಮುಂದಿನ ಗಾಜು 95 ಎಂಎಂ. ತುದಿಯಲ್ಲಿ ಎರಡೂ ಎಫ್/6.3. ಕೆರೆಯೇ ನಿಮ್ಮ ಮುಖ್ಯ ಜಾಗವಾದರೆ ಬಳಸಿದ 150-600 ಹುಡುಕಿ. ಟ್ಯಾಮ್ರಾನ್‌ನ ಮೊದಲ ತಲೆಮಾರಿನ 150-600 ಕೂಡ ಇದೇ ತೂಕದ್ದು, ಸೆಕೆಂಡ್ ಹ್ಯಾಂಡಿನಲ್ಲಿ ಸಾಮಾನ್ಯವಾಗಿ ಇನ್ನೂ ಅಗ್ಗ. ಜೋಗಿಮಟ್ಟಿ ಕಾಡಿನಲ್ಲಿ ನಾಲ್ಕು ತಾಸು ನಡೆಯುವುದೇ ಹೆಚ್ಚಾದರೆ 100-400. ಎರಡು ಕೆ.ಜಿ. ಲೆನ್ಸು ಹೊತ್ತು ಗುಡ್ಡ ಹತ್ತಿದವರ ಕೈ ಪಿಕಳಾರ ಕಂಡಾಗ ನಡುಗುತ್ತಿರುತ್ತದೆ, ಆಗ 600 ಇದ್ದೂ ಪ್ರಯೋಜನವಿಲ್ಲ.

ಹಳೇಪೇಟೆ_ಲೆನ್ಸ್:

ಗೌಜಲು ಸರ್ ಹೇಳಿದ್ದು ಖರೆ ಐತಿ. ಸೆಕೆಂಡ್ ಹ್ಯಾಂಡ್ ಅಂದ ಮೇಲೆ ನೋಡಿ ತಗೊಳ್ಳೋದು ಮುಖ್ಯ, ಅದನ್ನ ಹೇಳ್ತೀನಿ ನೋಡ್ರಿ. ಕ್ಯಾಮೆರಾ, ಖಾಲಿ ಕಾರ್ಡು, ಒಂದು ಸಣ್ಣ ಟಾರ್ಚು, ಸಾಧ್ಯ ಆದ್ರೆ ಲ್ಯಾಪ್‌ಟಾಪು ತಗೊಂಡು ಹೋಗ್ರಿ. ಮಾರುವವರು ಕೊರಿಯರ್ ಮಾಡ್ತೀನಿ, ಮೊದಲು ಹಣ ಹಾಕ್ರಿ ಅಂದ್ರೆ ಬಿಟ್ಟುಬಿಡ್ರಿ.

ಮೊದಲು ಟಾರ್ಚು. ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡ್ರಿ, ಆಮೇಲೆ ಉಲ್ಟಾ. ಇಎಫ್ ಮೌಂಟಿನ ಲೆನ್ಸು ಕ್ಯಾಮೆರಾದಿಂದ ಬಿಚ್ಚಿದಾಗ ಅಪರ್ಚರ್ ಪೂರ್ತಿ ತೆರೆದೇ ಇರುತ್ತೆ, ಹಂಗಾಗಿ ಒಳಗೆಲ್ಲ ಕಾಣುತ್ತೆ. ನಾಲ್ಕಾರು ಧೂಳಿನ ಕಣ ಇದ್ರೆ ಚಿಂತೆ ಇಲ್ಲ, ಜೂಮ್ ಲೆನ್ಸು ಗಾಳಿ ಎಳ್ಕೊಂಡು ಬಿಡೋವಾಗ ಧೂಳು ಬಂದೇ ಬರುತ್ತೆ, ಫೋಟೋದಾಗೆ ಕಾಣಲ್ಲ. ಜೇಡರ ಬಲೆ ಎಳೆ ಹಂಗೆ ಕವಲೊಡೆದು ಹರಡಿದ್ರೆ ಅದು ಫಂಗಸ್. ಅಂಚಿನಾಗೆ ಒಂದೇ ಒಂದು ಕಂಡ್ರೂ ಬೇಡ, ಒಳಗಿನ ಗಾಜು ಬಿಚ್ಚಿ ತೊಳೆಸೋ ಖರ್ಚು ಈ ದರದ ಲೆನ್ಸಿಗೆ ಹೊಂದಲ್ಲ. ಇಡೀ ಗಾಜಿನ ಮೇಲೆ ಮಂಜು ಮುಸುಕಿದಂಗೆ ಮಬ್ಬಿದ್ರೂ ಬೇಡ, ಅಂಥ ಲೆನ್ಸಿನಾಗೆ ಎದುರು ಬಿಸಿಲಿಗೆ ಚಿತ್ರ ಹಾಲು ಚೆಲ್ಲಿದಂಗೆ ಬರುತ್ತೆ.

ಎರಡನೇದು ಫೋಕಸ್ ಮೋಟರು. ಹತ್ತಿರದ ಗೋಡೆ, ದೂರದ ನೀರಿನ ಟ್ಯಾಂಕು, ಮತ್ತೆ ಗೋಡೆ. ಹತ್ತು ಸಲ ಆಚೆ ಈಚೆ ಮಾಡ್ರಿ. ಮಧ್ಯೆ ಕರಕರ ಅನ್ನೋದು, ಒಂದು ಜಾಗದಾಗೆ ತಡೆದು ಆಮೇಲೆ ಜಿಗಿಯೋದು ಇರಬಾರದು. ಫೋಕಸ್ ಲಿಮಿಟರ್ ಸ್ವಿಚ್ಚು (ಎಷ್ಟು ದೂರದೊಳಗೆ ಫೋಕಸ್ ಹುಡುಕಬೇಕು ಅಂತ ಗೊತ್ತು ಮಾಡೋದು) ಮೂರೂ ಕಡೆ ಹಾಕಿ ನೋಡ್ರಿ. ಸ್ಟೆಬಿಲೈಸರ್ ನೋಡೋಕೆ 600ರಾಗೆ ದೂರದ ಬೋರ್ಡಿಗೆ ಹಿಡಿದು ಬಟನ್ ಅರ್ಧ ಒತ್ತಿದ್ರೆ ವ್ಯೂಫೈಂಡರಿನಾಗೆ ಅಲುಗಾಡೋ ಚಿತ್ರ ಒಂದು ಸೆಕೆಂಡಿನೊಳಗೆ ನಿಲ್ಲಬೇಕು. ನಿಲ್ಲೋ ಬದಲು ಚಿತ್ರ ಜರ್ ಅಂತ ಪಕ್ಕಕ್ಕೆ ಹಾರಿದ್ರೆ ಒಳಗಿನ ಯೂನಿಟ್ಟು ಪೆಟ್ಟು ತಿಂದೈತಿ ಅಂತ ಅರ್ಥ.

ಮೂರನೇದು ಬಹಳ ಮಂದಿ ನೋಡೋದೇ ಇಲ್ಲ. ಬಿದ್ದ ಲೆನ್ಸಿನಾಗೆ ಒಂದು ಗಾಜು ಕೂದಲೆಳೆಯಷ್ಟು ವಾಲಿರುತ್ತೆ. ಹೊರಗೆ ಏನೂ ಕಾಣಲ್ಲ, ಫೋಟೋದಾಗೆ ಒಂದು ಪಕ್ಕ ಮಾತ್ರ ಮಸುಕು. ದಿನಪತ್ರಿಕೆ ಪೂರ್ತಿ ಬಿಡಿಸಿ ಗೋಡೆಗೆ ಅಂಟಿಸಿ, ನೇರ ಎದುರಿಗೆ ಕ್ಯಾಮೆರಾ ಗಟ್ಟಿಯಾಗಿ ಇಟ್ಟು, ಅಕ್ಷರ ನಾಲ್ಕೂ ಮೂಲೆಗೆ ಬರೋ ಹಂಗೆ ತೆಗೀರಿ. ನಾಲ್ಕೂ ಮೂಲೆ ಒಂದೇ ಥರ ಮಸುಕಾದ್ರೆ ಸಹಜ. ಎಡಗಡೆ ಅಕ್ಷರ ಓದೋಕೆ ಬಂದು ಬಲಗಡೆ ಬರದಿದ್ರೆ ಲೆನ್ಸು ಅಲ್ಲೇ ಬಿಟ್ಟು ಬರ್ರಿ.

ಮುಂದಿನ ಉಂಗುರಕ್ಕೆ ಏಟು ಬಿದ್ದು ಹುಡ್ (ಬಿಸಿಲು ತಡೆಯೋ ಮುಂದಿನ ಕೊಳವೆ) ಸರಿಯಾಗಿ ಕೂರಲ್ಲವಾ, ಮೌಂಟಿನ ಸ್ಕ್ರೂ ಮೇಲೆ ತಿರುಪಿದ ಗಾಯ ಐತಾ, ಟ್ರೈಪಾಡ್ ಕಾಲರ್ (ಲೆನ್ಸಿನ ಸುತ್ತ ಕೂರೋ ಕಾಲಿರುವ ಉಂಗುರ) ಜತೆಗೆ ಕೊಡ್ತಾರಾ ಕೇಳ್ರಿ. ಬಿಲ್ಲಿನ ಮೇಲಿನ ಸೀರಿಯಲ್ ನಂಬರೂ ಲೆನ್ಸಿನ ನಂಬರೂ ಒಂದೇ ಇರಬೇಕು. ಒಂದು ಮಾತು: ಸಿಗ್ಮಾದಾಗೆ ಸ್ಪೋರ್ಟ್ಸ್ ಅಂತ ಇನ್ನೊಂದು 150-600 ಐತಿ, ಅದು ಮೂರು ಕೆ.ಜಿ. ಹತ್ತಿರ. ಬೈಕಿನಾಗೆ ಓಡಾಡೋರಿಗೆ ಅಲ್ಲ.

ಬೆಳ್ಳಕ್ಕಿ_ಹರಿಹರ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹಾರುವ ಹಕ್ಕಿಯೇ ನಿಮ್ಮ ಮನಸ್ಸಿನಲ್ಲಿದ್ದರೆ ಕ್ಯಾನನ್ 400 ಎಫ್/5.6 ಅನ್ನು ಪಟ್ಟಿಯಿಂದ ತೆಗೆಯಬೇಡಿ. 1993ರ ಲೆನ್ಸು, 1250 ಗ್ರಾಂ. ಅಪರ್ಚರ್ ಪೂರ್ತಿ ತೆರೆದಾಗಲೇ ಚೂಪು, ಫೋಕಸ್ ಹಿಡಿಯುವ ವೇಗಕ್ಕೆ ಈ ಬೆಲೆಯ ಜೂಮ್‌ಗಳು ಸಾಟಿಯಲ್ಲ. ತುಂಗಭದ್ರೆಯ ಮೇಲೆ ರೀವ, ಗದ್ದೆ ಮೇಲೆ ಬೆಳ್ಳಕ್ಕಿ ಸಾಲು ಹಾದುಹೋಗುವಾಗ ಹಗುರವಾದ ಈ ಲೆನ್ಸು ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ಕೊರತೆ ಎರಡು: ಸ್ಟೆಬಿಲೈಸರ್ ಇಲ್ಲ, 3.5 ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. 200ಡಿಯ 1.6 ಕ್ರಾಪ್ ಲೆಕ್ಕದಲ್ಲಿ (ಸಣ್ಣ ಸೆನ್ಸರಿನಲ್ಲಿ 400 ಎಂಎಂ 640ರಂತೆ ವರ್ತಿಸುತ್ತದೆ) ಕೈಯಲ್ಲಿ ಹಿಡಿದು ಶಟರ್ ವೇಗ 1/640 ಸೆಕೆಂಡಿಗಿಂತ ಕೆಳಗೆ ಇಳಿಯುವಂತಿಲ್ಲ. ನಸುಕಿನಲ್ಲಿ ಕೂತ ಹಕ್ಕಿಗೆ ಅದು ಕಷ್ಟವೇ.

ಲೆನ್ಸಿಗಿಂತ ಮುಖ್ಯವಾದ ಒಂದು ಮಾತು ಯಾರೂ ಎತ್ತಲಿಲ್ಲ. ನಮ್ಮ ಕಡೆ ಮಾರ್ಚ್ ಬಂತೆಂದರೆ ಒಂಬತ್ತು ಗಂಟೆಗೆಲ್ಲ ನೆಲ ಕಾದು ಝಳ ಏಳುತ್ತದೆ. ಕೆರೆಯ ಒಣಗಿದ ಅಂಗಳದ ಮೇಲೆ, ಡಾಂಬರಿನ ಮೇಲೆ, ದುರ್ಗದ ಬಂಡೆಗಳ ಮೇಲೆ ಗಾಳಿ ಕುದಿಯುವ ಎಸರಿನ ಆವಿಯಂತೆ ನಡುಗುತ್ತಿರುತ್ತದೆ. ಆಗ 40 ಮೀಟರ್ ದೂರದ ಟಿಟ್ಟಿಭವನ್ನು ಎಷ್ಟು ಬೆಲೆಯ ಲೆನ್ಸಿನಲ್ಲಿ ತೆಗೆದರೂ ಗರಿಯ ಅಂಚು ಕರಗಿ ಹೋಗುತ್ತದೆ. ಬಹಳ ಜನ ಇದನ್ನು ಲೆನ್ಸಿನ ದೋಷ ಅಂದುಕೊಳ್ಳುತ್ತಾರೆ. ಗುರುತಿಸುವುದು ಸುಲಭ: ಹತ್ತು ಚಿತ್ರ ಸತತ ತೆಗೆಯಿರಿ. ಒಂದೊಂದರಲ್ಲೂ ಮಸುಕು ಬೇರೆ ಬೇರೆ ಕಡೆ ಇದ್ದರೆ, ಕಾಲು ಸೊಟ್ಟಗೆ ಅಲೆಯಂತೆ ಬಂದಿದ್ದರೆ, ಅದು ಝಳ. ಹತ್ತರಲ್ಲೂ ಒಂದೇ ಥರ ಮಸುಕಿದ್ದರೆ ಫೋಕಸ್ ತಪ್ಪಿದೆ. ಹಕ್ಕಿ ಚೂಪಾಗಿಲ್ಲದೆ ಅದರ ಹಿಂದಿನ ಹುಲ್ಲು ಚೂಪಾಗಿದ್ದರೆ ಬ್ಯಾಕ್ ಫೋಕಸ್. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ.

ಹೊಸ ಲೆನ್ಸು ಕೊಳ್ಳುವ ಮೊದಲು ನಿಮ್ಮ 250ರ ಹಳೆಯ ಚಿತ್ರ ಐವತ್ತು ತೆಗೆದು ಹೀಗೆ ವಿಂಗಡಿಸಿ ನೋಡಿ. ಅರ್ಧಕ್ಕಿಂತ ಹೆಚ್ಚು ಝಳ ಮತ್ತು ಅಲುಗಾಟವೇ ಆಗಿದ್ದರೆ 600 ಎಂಎಂ ಆ ಎರಡನ್ನೂ ಇನ್ನಷ್ಟು ದೊಡ್ಡದು ಮಾಡಿ ತೋರಿಸುತ್ತದೆ.

ದೋಸೆಕ್ಯಾಂಪ್:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ನಿಕಾನ್ ಡಿ3200. ಎಎಫ್-ಪಿ 70-300 ಒಂದು ಕಡಿಮೆಗೆ ಸಿಗುತ್ತಿದೆ, ತೆಗೆದುಕೊಳ್ಳಬಹುದೇ?

ಹಳೇಪೇಟೆ_ಲೆನ್ಸ್:

ಬೇಡ್ರಿ. ಎಎಫ್-ಪಿ ಲೆನ್ಸು ಡಿ3200ರಾಗೆ ಫೋಕಸ್ ಆಗಲ್ಲ, ಆಟೋನೂ ಇಲ್ಲ, ಕೈಯಿಂದ ತಿರುಗಿಸೋದೂ ಇಲ್ಲ, ಯಾಕಂದ್ರೆ ಉಂಗುರ ಕೂಡ ಮೋಟರ್ ಮೂಲಕವೇ ಕೆಲಸ ಮಾಡೋದು. ಡಿ3100, ಡಿ5100, ಡಿ7000, ಡಿ90 ಎಲ್ಲದರ ಕಥೆನೂ ಅದೇ. ನಿಮಗೆ ಎಎಫ್-ಎಸ್ 70-300 ವಿಆರ್ ಬೇಕು. ಎಎಫ್-ಎಸ್ ಅಂತ ಬ್ಯಾರೆಲ್ ಮೇಲೆ ಬರೆದಿರುತ್ತೆ, ಓದಿ ನೋಡಿ ತಗೊಳ್ರಿ. ಬರೀ ಎಎಫ್ ಅಂತಿದ್ರೆ ಅದೂ ಬೇಡ, ನಿಮ್ಮ ಬಾಡಿಯಾಗೆ ಫೋಕಸ್ ಮೋಟರಿಲ್ಲ. ಮುಂದೆ ದುಡ್ಡು ಕೂಡಿದ್ರೆ 200-500 ಎಫ್/5.6 ನೋಡ್ರಿ, 2300 ಗ್ರಾಂ, ಪೂರ್ತಿ 500ಕ್ಕೂ ಎಫ್/5.6 ಬಿಡದ ಜೂಮು ಅದು.

ಕುಂದವಾಡ_ಏರಿ:

ಎಲ್ಲರಿಗೂ ಧನ್ಯವಾದ. ಬೆಳ್ಳಕ್ಕಿ ಸರ್ ಹೇಳಿದಂತೆ ಐವತ್ತು ಚಿತ್ರ ವಿಂಗಡಿಸಿದೆ. ಅಲುಗಿದ್ದು 11, ಝಳ 6, ಫೋಕಸ್ ತಪ್ಪಿದ್ದು 8, ಉಳಿದ 25 ಚೂಪಾಗಿಯೇ ಇವೆ, ಹಕ್ಕಿ ಸಣ್ಣದು ಅಷ್ಟೇ. ಆದ್ದರಿಂದ ಸಿಗ್ಮಾ 150-600 ಅಂತ ಮನಸ್ಸು ಮಾಡಿದ್ದೇನೆ. ಎರಡು ಅನುಮಾನ. 200ಡಿ ವ್ಯೂಫೈಂಡರ್ ಫೋಕಸ್ ಎಫ್/5.6ರ ತನಕ ಅನ್ನುತ್ತಾರೆ, ಎಫ್/6.3 ಲೆನ್ಸು ಕೆಲಸ ಮಾಡುತ್ತದೆಯೇ? ಮತ್ತೆ ಟ್ರೈಪಾಡ್ ಬೇಕೇ ಬೇಕಾ?

ಗುಡ್ಡದ_ಗೌಜಲು:

ಅರ್ಧ ಚಿತ್ರ ಚೂಪಾಗಿವೆ ಅಂದರೆ ಉದ್ದ ಲೆನ್ಸಿಗೆ ನೀವು ತಯಾರಿದ್ದೀರಿ.

ಎಫ್/6.3ರಲ್ಲೂ ಫೋಕಸ್ ಆಗುತ್ತದೆ, ಸಿಗ್ಮಾ, ಟ್ಯಾಮ್ರಾನ್ ಎರಡೂ ಅದಕ್ಕೆ ತಕ್ಕಂತೆ ಮಾಡಿವೆ. ಆದರೆ ಒಂಬತ್ತು ಪಾಯಿಂಟಿನಲ್ಲಿ ನಡುವಿನದನ್ನು ಮಾತ್ರ ನಂಬಿ. ಅಂಚಿನವು ಮಂದ ಬೆಳಕಿನಲ್ಲಿ ಹುಡುಕಾಡುತ್ತವೆ.

ದೊಡ್ಡ ವಿಷಯ ಬೇರೆ ಇದೆ. 200ಡಿಯಲ್ಲಿ ಎಎಫ್ ಮೈಕ್ರೋ ಅಡ್ಜಸ್ಟ್‌ಮೆಂಟ್ ಇಲ್ಲ. ಲೆನ್ಸೂ ಬಾಡಿಯೂ ಹೊಂದದೆ ಫೋಕಸ್ ಒಂದಿಷ್ಟು ಹಿಂದೆ ಮುಂದೆ ಬಿದ್ದರೆ ಬಾಡಿಯಲ್ಲಿ ಸರಿಮಾಡಲು ಬರುವುದಿಲ್ಲ. 600ರಲ್ಲಿ 10 ಮೀಟರ್ ದೂರಕ್ಕೆ ಚೂಪಾಗಿ ಸಿಗುವ ಆಳ ಕೆಲವೇ ಸೆಂ.ಮೀ., ಕಣ್ಣಿನ ಬದಲು ಬಾಲದ ಮೇಲೆ ಫೋಕಸ್ ಬಿದ್ದರೆ ಮುಗಿಯಿತು. ಕೊಂಡ ಮೊದಲ ವಾರವೇ ಹೀಗೆ ಪರೀಕ್ಷಿಸಿ: 15-20 ಮೀಟರ್ ದೂರದಲ್ಲಿ ದಪ್ಪ ಅಕ್ಷರದ ಸಿಮೆಂಟ್ ಚೀಲ ಗೋಡೆಗೆ ನೇತುಹಾಕಿ. ಕ್ಯಾಮೆರಾ ಗಟ್ಟಿಯಾಗಿ ಇಟ್ಟು, ಸ್ಟೆಬಿಲೈಸರ್ ಆಫ್ ಮಾಡಿ, ಎರಡು ಸೆಕೆಂಡ್ ಟೈಮರ್ ಹಾಕಿ. ವ್ಯೂಫೈಂಡರಿನಲ್ಲಿ ಐದು ಚಿತ್ರ, ಪ್ರತಿ ಸಲ ಫೋಕಸ್ ಉಂಗುರ ಕೆಡಿಸಿ ಮತ್ತೆ ಹಿಡಿಸಿ. ಆಮೇಲೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ ತೆಗೆಯುವುದು) ಐದು. ಲೈವ್ ವ್ಯೂ ಸೆನ್ಸರಿನಿಂದಲೇ ಫೋಕಸ್ ಹಿಡಿಯುವುದರಿಂದ ಅದು ಸರಿಯಾಗಿ ಬರುತ್ತದೆ. ಎರಡೂ ಒಂದೇ ಚೂಪಿದ್ದರೆ ನಿಶ್ಚಿಂತೆ. ವ್ಯೂಫೈಂಡರಿನ ಐದೂ ಮಸುಕಾದರೆ ಸಿಗ್ಮಾ ಯುಎಸ್‌ಬಿ ಡಾಕ್ ಬೇಕು. ಅದನ್ನು ಲೆನ್ಸಿನ ಹಿಂದೆ ತಿರುಗಿಸಿ ಕಂಪ್ಯೂಟರಿಗೆ ಜೋಡಿಸಿದರೆ ನಾಲ್ಕು ಫೋಕಲ್ ಲೆಂತಿಗೆ ನಾಲ್ಕು ನಾಲ್ಕು ದೂರದಂತೆ 16 ಕಡೆ ತಿದ್ದಬಹುದು, ಫರ್ಮ್‌ವೇರೂ ಹೊಸದು ಮಾಡಬಹುದು. ಟ್ಯಾಮ್ರಾನ್‌ನಲ್ಲಿ ಈ ಸೌಲಭ್ಯ ಎರಡನೇ ತಲೆಮಾರಿನ 150-600ಕ್ಕಿದೆ, ಮೊದಲನೆಯದಕ್ಕಿಲ್ಲ. 200ಡಿ ಇರುವವರಿಗೆ ಸಿಗ್ಮಾನೇ ಮೇಲು ಅನ್ನಲು ಇದೊಂದೇ ಕಾರಣ ಸಾಕು. ಡಾಕಿಗೆ ಬಜೆಟ್ಟಿನಲ್ಲಿ ಸ್ವಲ್ಪ ಉಳಿಸಿಕೊಳ್ಳಿ, ಮಾರುವವರ ಹತ್ತಿರ ಇದ್ದರೆ ಸೇರಿಸಿ ಕೇಳಿ.

600ರಲ್ಲಿ ಎಫ್/6.3 ತುಸು ಮೆದು, ಎಫ್/8ಕ್ಕೆ ಗರಿ ಬಿಡಿಸಿ ಕಾಣುತ್ತದೆ. ಬೆಳಕಿದ್ದಾಗ ಎಫ್/8 ಇಡಿ. 95 ಎಂಎಂ ಅಗ್ಗದ ಯುವಿ ಫಿಲ್ಟರ್ ಮಾತ್ರ ಹಾಕಬೇಡಿ; ಚಪ್ಪಟೆಯಿಲ್ಲದ ಗಾಜು ಈ ಉದ್ದದಲ್ಲಿ ಚೂಪನ್ನೇ ತಿಂದುಹಾಕುತ್ತದೆ. ಹುಡ್ ಸಾಕು. ಆಷಾಢದಲ್ಲಿ ದುರ್ಗದ ಗುಡ್ಡದ ಮೇಲೆ ಬಂದರೆ ಆ ಹುಡ್ಡನ್ನೂ ಬಿಚ್ಚಿ, ಗಾಳಿಯಂತ್ರ ನೆಡುವಷ್ಟು ಗಾಳಿ ಇರುವ ಜಾಗ ಅದು, ಹುಡ್ ಪಟದಂತೆ ಗಾಳಿ ಹಿಡಿದು ಲೆನ್ಸನ್ನು ಅಲುಗಿಸುತ್ತದೆ.

ಬೆಳ್ಳಕ್ಕಿ_ಹರಿಹರ:

ಟ್ರೈಪಾಡ್ ಈಗಲೇ ಬೇಡ. ಎರಡೂವರೆ ಕೆ.ಜಿ. ಹೊರುವ ಒಳ್ಳೆಯದು ನಿಮ್ಮ ಬಜೆಟ್ಟಿಗೆ ಮೀರಿದ್ದು, ಅಗ್ಗದ್ದು ಗಾಳಿಗೆ ನಡುಗುತ್ತದೆ. ಮೊನೋಪಾಡ್ ಒಂದು, ಇಲ್ಲವೇ ಚೀಲ. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಒಂದು ಅಡಿ ಕತ್ತರಿಸಿ, ಒಂದು ಬಾಯಿ ಹೊಲಿದು, ಒಳಗೆ ಎರಡು ಕೆ.ಜಿ. ಮೆಕ್ಕೆಜೋಳ ತುಂಬಿ ಇನ್ನೊಂದು ಬಾಯಿಗೆ ಜಿಪ್ ಹಾಕಿಸಿ. ಮುಕ್ಕಾಲು ಭಾಗ ಮಾತ್ರ ತುಂಬಿ, ಬಿಗಿಯಾದರೆ ಲೆನ್ಸು ಉರುಳುತ್ತದೆ. ಮಂಡಕ್ಕಿ ಹಗುರ ಅಂತ ತುಂಬಬೇಡಿ, ಲೆನ್ಸಿನ ತೂಕಕ್ಕೆ ಪುಡಿಯಾಗಿ ಚೀಲ ಜೋತುಬೀಳುತ್ತದೆ. ಮೆಕ್ಕೆಜೋಳ ನೆನೆದರೆ ಮೊಳಕೆ ಬರುತ್ತದೆ, ಮಳೆಗಾಲದ ಮೊದಲು ಬಿಸಿಲಿಗೆ ಹಾಕಿ ಹುಳ ನೋಡಿ ಬದಲಿಸಿ. ಏರಿಯ ಕಲ್ಲಿನ ಮೇಲೆ ಈ ಚೀಲ ಇಟ್ಟು, ನೀವೂ ನೆಲಕ್ಕೆ ಕೂತರೆ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬರುತ್ತೀರಿ. ನಿಂತವರನ್ನು ಕಂಡು ದೂರ ಸರಿಯುವ ಗುಳುಮುಳುಕ ಕೂತವರ ಎದುರು ಹತ್ತಿರ ಬರುತ್ತದೆ. ಅಲ್ಲಾಡದೆ ಇಪ್ಪತ್ತು ನಿಮಿಷ ಕಾಯಬೇಕು.

ಸೂರ್ಯ ಬೆನ್ನಿಗಿರಲಿ. ಹೊತ್ತು ಹುಟ್ಟಿದ ಒಂದು ಗಂಟೆಗೆ ಎಫ್/6.3, 1/1000, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 500ರ ಆಸುಪಾಸು ಸಾಕಾಗುತ್ತದೆ. ಹಾರುವ ಹಕ್ಕಿಗೆ 1/2000 ಬೇಕು, ಐಎಸ್‌ಒ 1000. ಹೊತ್ತು ಹುಟ್ಟುವ ಸಮಯಕ್ಕೆ ಕೂತ ಹಕ್ಕಿಗೆ 1/500 ಇಟ್ಟು ಐಎಸ್‌ಒ 1000-1600 ತನಕ ಧೈರ್ಯವಾಗಿ ಹೋಗಿ. ನಾಯ್ಸ್ ಆಮೇಲೆ ತೆಗೆಯಬಹುದು, ಅಲುಗಿದ್ದನ್ನು ಸರಿಮಾಡಲಾಗದು. ಬೆಳ್ಳಕ್ಕಿ ಫ್ರೇಮಿನಲ್ಲಿ ಸಣ್ಣದಾಗಿದ್ದು ಹಿಂದೆ ಕಪ್ಪು ನೀರಿದ್ದರೆ ಎಕ್ಸ್‌ಪೋಶರ್ 1 ಸ್ಟಾಪ್ ಇಳಿಸಿ, ಇಲ್ಲವಾದರೆ ಬಿಳಿ ಗರಿ ಸುಣ್ಣ ಬಳಿದಂತಾಗುತ್ತದೆ. ಆಕಾಶದ ಎದುರು ನೀರುಕಾಗೆ ಹಾರಿದರೆ 1 ಸ್ಟಾಪ್ ಏರಿಸಿ. ರಾ ಮೋಡಿನಲ್ಲಿ 200ಡಿ ಸುಮಾರು ಆರು ಚಿತ್ರಕ್ಕೇ ನಿಂತು ಉಸಿರೆಳೆದುಕೊಳ್ಳುತ್ತದೆ, ಹಾಗಾಗಿ ಬಟನ್ ಒತ್ತಿ ಹಿಡಿಯಬೇಡಿ. ಮಿಂಚುಳ್ಳಿ ಕೊಂಬೆ ಬಿಡುವ ಮುಂಚೆ ಕತ್ತು ಕುಣಿಸುತ್ತದೆ, ಆಗ ಎರಡು ಮೂರು ಹೊಡೆತ.

ಹಳೇಪೇಟೆ_ಲೆನ್ಸ್:

ಇದೊಂದು ಬಿಟ್ಟುಹೋಗಿತ್ತು. ಬೈಕಿನ ಸೈಡ್ ಬಾಕ್ಸಿನಾಗೆ, ಸ್ಕೂಟರಿನ ಕಾಲ ಹತ್ತಿರ ಲೆನ್ಸು ಇಡಬೇಡ್ರಿ. ಅಲ್ಲಿ ನಡುಕಕ್ಕೆ ಒಳಗಿನ ಸ್ಕ್ರೂ ಸಡಿಲ ಆಗ್ತಾವು. ಜೂಮು 150ಕ್ಕೆ ತಂದು ಲಾಕ್ ಹಾಕಿ, ಬೆನ್ನಿನ ಬ್ಯಾಗಿನಾಗೆ ಹಾಕ್ಕೊಳ್ರಿ, ಮೈ ಆ ಪೆಟ್ಟು ತಡ್ಕೊಳ್ಳುತ್ತೆ. ಎತ್ತುವಾಗ ಕ್ಯಾಮೆರಾ ಹಿಡಿದು ಎತ್ತಬೇಡ್ರಿ, 200ಡಿ ಅರ್ಧ ಕೆ.ಜಿ.ನೂ ಇಲ್ಲ, ಎರಡು ಕೆ.ಜಿ. ಲೆನ್ಸು ಅದರ ಮೌಂಟಿನ ಮೇಲೆ ಜೋತಾಡುತ್ತೆ. ಕಾಲರ್ ಹಿಡೀರಿ, ಬೆಲ್ಟೂ ಕಾಲರಿಗೇ ಕಟ್ರಿ.

ಮನೆಗೆ ಬಂದ ಮೇಲೆ ಬ್ಯಾಗಿನಾಗೇ ಬಿಡಬೇಡ್ರಿ, ಬೆವರು ಮಳೆ ಕುಡಿದ ಬ್ಯಾಗೇ ಫಂಗಸ್ಸಿನ ತವರು. ಗಾಳಿಯಾಡದ ಅಡುಗೆಮನೆ ಡಬ್ಬಿ, ಕಾಲು ಕೆ.ಜಿ. ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶದ ಮೀಟರು. ಮುಳ್ಳು 40-50ರೊಳಗೆ ಇರಲಿ. 60 ದಾಟಿದ್ರೆ ಜೆಲ್ಲು ಬಾಣಲೆಗೆ ಹಾಕಿ ಸಣ್ಣ ಉರಿಯಾಗೆ ಬಣ್ಣ ತಿರುಗೋ ತನಕ ಹುರಿದು, ಪೂರ್ತಿ ಆರಿದ ಮೇಲೆ ವಾಪಸ್ ಹಾಕ್ರಿ. ಆ ಬಾಣಲೆ ಅಡುಗೆಗೆ ಬಳಸಬೇಡ್ರಿ, ಬೇರೆ ಇಟ್ಕೊಳ್ರಿ.